ಐದು ಸಾವಿರ ಅಕ್ಷರಗಳೊಳಗೆ ಅದಿತಿ ಎಲ್ಲಿ?

ಈ ಬೇಸಿಗೆಯಲ್ಲಿ ನನಗೊಂದು ವಿಚಿತ್ರ ಕೆಲಸ ಬಂತು. ಒಂದೂವರೆ ಪುಟದ ಪ್ರಬಂಧದೊಳಗೆ ಹುಡುಗಿಯೊಬ್ಬಳು ಕಳೆದುಹೋಗಿದ್ದಳು. ಹುಡುಕಿಕೊಡಬೇಕಿತ್ತು.

ಕೆಲಸ ಕೊಟ್ಟವಳು ಕಳೆದುಹೋದವಳೇ.

ಮೆಸೇಜ್ ಬಂದಾಗ ನಾನು ಆಫೀಸ್ ಮೀಟಿಂಗಿನಲ್ಲಿ ಗಮನವಿಟ್ಟು ಕೇಳುವವನ ಹಾಗೆ ಕೂತಿದ್ದೆ. (ಅದೂ ಮಿಮಿಕ್ರಿಯೇ.) "ಅಣ್ಣ, ನಿಮಗೆ ಎಲ್ಲರ ವಾಯ್ಸೂ ಬರುತ್ತಲ್ಲ. ನನ್ನ ಎಸ್ಸೇ ಓದಿ, ಅದರಲ್ಲಿ ನಾನು ಎಲ್ಲಿದೀನಿ ಅಂತ ಹೇಳ್ತೀರಾ?" ಅಂತ ಅದಿತಿ ಕೇಳಿದ್ದಳು. ‘ಅಣ್ಣ’ ಅನ್ನುವುದೊಂದು ಬಿಟ್ಟು ಮಿಕ್ಕದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಸಂಬಂಧವನ್ನು ಕನ್ನಡದಲ್ಲಿ ಇಟ್ಟುಕೊಂಡು ವ್ಯವಹಾರವನ್ನು ಇಂಗ್ಲಿಷಿನಲ್ಲಿ ಮುಗಿಸುತ್ತಾರೆ.

ನನ್ನ ಮಿಮಿಕ್ರಿ ಚಟ ನಿಮಗೆ ಗೊತ್ತೇ ಇದೆ. ಎಂ.ಎಸ್. ಮಾಡಿದ್ದು ಡಾಲಸ್‌ನಲ್ಲಿ, ಮೊದಲ ಕೆಲಸ ಆಸ್ಟಿನ್‌ನಲ್ಲಿ, ಈಗ ಇರುವುದು ಹ್ಯೂಸ್ಟನ್‌ನಲ್ಲಿ. ಹೀಗಾಗಿ ಮೂರೂ ಊರಿನ ಕನ್ನಡದ ಅಂಕಲ್‌ಗಳು ನನ್ನ ಗಂಟಲಿನಲ್ಲಿ ಖಾಯಂ ಬಾಡಿಗೆಗಿದ್ದಾರೆ. ಯುಗಾದಿಗೊಮ್ಮೆ ರಾಜ್ಯೋತ್ಸವಕ್ಕೊಮ್ಮೆ ನನ್ನನ್ನು ಸ್ಟೇಜ್ ಹತ್ತಿಸಿ ಅವರನ್ನೆಲ್ಲ ಹೊರಗೆ ಬಿಡಿಸುತ್ತಾರೆ. ಸಭೆ ಪೂರ್ತಿ ನಗುತ್ತದೆ, ಆ ಹೊತ್ತಿಗೆ ಯಾರ ಸರದಿಯೋ ಅವರೊಬ್ಬರನ್ನು ಬಿಟ್ಟು.

ಆದರೆ ಪತ್ತೇದಾರಿಕೆಗೆ ಅಂತ ಕರೆದದ್ದು ಇದೇ ಮೊದಲು.

ಅದಿತಿ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಹುಡುಗಿ. ಇಪ್ಪತ್ತಮೂರು ವರ್ಷ. ಆಸ್ಟಿನ್‌ನಲ್ಲಿ ಬಯಾಲಜಿ ಡಿಗ್ರಿ ಮುಗಿಸಿ, ಒಂದು ಕ್ಲಿನಿಕ್ಕಿನಲ್ಲಿ ಸ್ಕ್ರೈಬ್ ಕೆಲಸ ಮಾಡುತ್ತಾಳೆ. ಡಾಕ್ಟರೂ ಪೇಷಂಟೂ ಮಾತಾಡುತ್ತಿದ್ದರೆ ಮೂಲೆಯಲ್ಲಿ ಕೂತು ಅದನ್ನೆಲ್ಲ ಟೈಪ್ ಮಾಡುವ ಕೆಲಸ. ಅವಳ ಅಪ್ಪ ಪ್ರಸನ್ನ ಅಂಕಲ್ ಎನರ್ಜಿ ಕಾರಿಡಾರಿನ ಒಂದು ಆಯಿಲ್ ಕಂಪನಿಯಲ್ಲಿದ್ದಾರೆ. ಮನೆ ಊರಿನ ಒಂದು ತುದಿ, ಆಫೀಸು ಇನ್ನೊಂದು ತುದಿ. ಯಾಕೆ ಅಂತ ಕೇಳಿದರೆ ದೇವಸ್ಥಾನ ಹತ್ತಿರ ಅನ್ನುತ್ತಾರೆ. ದಿನಕ್ಕೆ ಎರಡು ಗಂಟೆ ಡ್ರೈವ್ ಮಾಡಿ ದೇವರಿಗೆ ಹತ್ತಿರವಿರುವ ಭಕ್ತ. ಅಮ್ಮ ಗಾಯತ್ರಿ ಆಂಟಿ ಧಾರವಾಡದವರು. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ.

ಇನ್ನು ಈ ಎಸ್ಸೇ. ನಮ್ಮಲ್ಲಿ ಪಿಯುಸಿ ಆದಮೇಲೆ ಒಂದು ಎಂಟ್ರೆನ್ಸು, ಒಂದು ರ‍್ಯಾಂಕು, ಮೆಡಿಕಲ್ ಸೀಟು ಸಿಕ್ಕಿತು ಅಥವಾ ಇಲ್ಲ, ಕತೆ ಮುಗಿಯಿತು. ನೀವು ಯಾಕೆ ಡಾಕ್ಟರಾಗಬೇಕು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ. ಇಲ್ಲಿ ಡಿಗ್ರಿ ಆಗಬೇಕು, ಪರೀಕ್ಷೆ ಆಗಬೇಕು, ಆಮೇಲೆ ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಒಂದು ಬರೆಯಬೇಕು. ನೀನು ಯಾರು, ವೈದ್ಯಳೇ ಯಾಕೆ ಆಗಬೇಕು, ಐದು ಸಾವಿರ ಅಕ್ಷರಗಳೊಳಗೆ ಹೇಳು. ನಡುವೆ ಬಿಟ್ಟ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಉಸಿರಾಡಿದರೂ ಅಕ್ಷರ.

ಹೋದ ವರ್ಷ ಅದನ್ನು ಅದಿತಿ ಒಬ್ಬಳೇ ಬರೆದಿದ್ದಳು. ಯಾರಿಗೂ ತೋರಿಸಿರಲಿಲ್ಲ. ಯಾವ ಕಾಲೇಜಿನಿಂದಲೂ ಇಂಟರ್‌ವ್ಯೂ ಕರೆ ಬರಲಿಲ್ಲ.

ಅಲ್ಲಿಗೆ ನಮ್ಮವರು ಒಂದು ತೀರ್ಮಾನಕ್ಕೆ ಬಂದರು. ಮಗು ಒಬ್ಬಳೇ ಬರೆದದ್ದೇ ತಪ್ಪಾಯಿತು. ಈ ಸಲ ಎಲ್ಲರೂ ಸೇರಿ ಕೈ ಹಾಕೋಣ. ಯಾಕೆಂದರೆ ಇದು ಕೊನೆಯ ಸಲ. ಈ ವರ್ಷವೂ ಆಗದಿದ್ದರೆ ಮೆಡಿಸಿನ್ ಆಸೆ ಬಿಟ್ಟು ಹೆಲ್ತ್ ಡೇಟಾ ಕೋರ್ಸ್ ಸೇರಬೇಕು ಅಂತ ಅಪ್ಪ ಮಗಳ ನಡುವೆ ಒಪ್ಪಂದವಾಗಿತ್ತು.

ಮದುವೆ ಮನೆಯಲ್ಲಿ ಲಗ್ನಪತ್ರಿಕೆಯ ಪ್ರೂಫ್ ಬಂದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ದೊಡ್ಡಪ್ಪ ಒಂದು ಹೆಸರು ಸೇರಿಸುತ್ತಾರೆ, ಸೋದರಮಾವ ಒಂದು ಡಿಗ್ರಿ ಸೇರಿಸುತ್ತಾರೆ, ಅತ್ತೆ ತಮ್ಮ ಮೊಮ್ಮಕ್ಕಳನ್ನೆಲ್ಲ ‘ಸುಖಾಗಮನ ಬಯಸುವವರು’ ಪಟ್ಟಿಗೆ ತುರುಕುತ್ತಾರೆ. ಕೊನೆಗೆ ಹುಡುಗ ಹುಡುಗಿಯ ಹೆಸರು ಎಲ್ಲಿದೆ ಅಂತ ಕನ್ನಡಕ ಹಾಕಿಕೊಂಡು ಹುಡುಕಬೇಕು. ಅದಿತಿಯ ಎಸ್ಸೇಗೂ ಅದೇ ಮರ್ಯಾದೆ ಸಂದಿತು. ಪೇರ್ಲ್ಯಾಂಡಿನಿಂದ ಡಾಲಸ್‌ಗೆ, ಅಲ್ಲಿಂದ ಆಸ್ಟಿನ್‌ಗೆ, ಮತ್ತೆ ಪೇರ್ಲ್ಯಾಂಡಿಗೆ. ಪ್ರಸನ್ನ ಅಂಕಲ್ ಫೈಲಿಗೆ ಮೊದಲು ‘ಫೈನಲ್’ ಅಂತ ಹೆಸರಿಟ್ಟರು. ಆಮೇಲೆ ‘ಫೈನಲ್ ಫೈನಲ್’. ನಾನು ನೋಡುವ ಹೊತ್ತಿಗೆ ಅದು ‘ಫೈನಲ್ ನೋ ಮೋರ್ ಚೇಂಜಸ್ ನೈನ್’ ಆಗಿತ್ತು.

ಡಾಲಸ್‌ನ ರಘು ಅಂಕಲ್ ಅದನ್ನು ಎ.ಐ. ಪತ್ತೆ ಮಾಡುವ ಸಾಫ್ಟ್‌ವೇರಿಗೂ ಹಾಕಿ ನೋಡಿದರಂತೆ. ಮನುಷ್ಯರೇ ಬರೆದದ್ದು ಅಂತ ಬಂತಂತೆ. ಮನುಷ್ಯರೇ, ಅನುಮಾನವಿಲ್ಲ. ಎಷ್ಟು ಜನ ಅಂತ ಸಾಫ್ಟ್‌ವೇರ್ ಹೇಳಲಿಲ್ಲ.

ಎಲ್ಲ ಮುಗಿದು ಇನ್ನೇನು ಸಬ್‌ಮಿಟ್ ಮಾಡಬೇಕು, ಅಲ್ಲೊಂದು ಪುಟ್ಟ ಚೌಕ ಬಂತು. ‘ಇದು ನನ್ನದೇ ಬರಹ ಎಂದು ದೃಢೀಕರಿಸುತ್ತೇನೆ.’ ಟಿಕ್ ಮಾಡಬೇಕು. ಅಷ್ಟೇ.

ಅದಿತಿ ಮೂರು ದಿನ ಟಿಕ್ ಮಾಡಲಿಲ್ಲ.

ಅಪ್ಪನಿಗೆ ಅರ್ಥವೇ ಆಗಲಿಲ್ಲ. ಮೇಲೆ ನಿನ್ನ ಹೆಸರಿದೆ, ಕೆಳಗೆ ನಿನ್ನ ಹೆಸರಿದೆ, ನಡುವೆ ಇರುವುದು ಇನ್ಯಾರದ್ದಾಗುತ್ತದೆ ಅಂತ ಅವರ ವಾದ. ಬೇಗ ಕಳಿಸಿದವರಿಗೆ ಬೇಗ ಕರೆ ಬರುತ್ತದೆ, ಒಂದೊಂದು ದಿನವೂ ಮುಖ್ಯ ಅಂತ ಅವಸರ ಬೇರೆ. ಸೋಮವಾರ ಕಳಿಸಲೇಬೇಕು ಅಂತ ಗಡುವು ಹಾಕಿದರು.

ಅದಿತಿ ನನಗೆ ಮೆಸೇಜ್ ಮಾಡಿದ್ದು ಅದಕ್ಕೆ ಮೊದಲಿನ ಶುಕ್ರವಾರ.

ಶನಿವಾರ ಮಧ್ಯಾಹ್ನ ಸ್ಟಾಫರ್ಡಿನಲ್ಲಿ ಸಿಕ್ಕೆವು. ಒಂದು ಪಕ್ಕ ಇಂಡಿಯನ್ ಗ್ರೋಸರಿ, ಇನ್ನೊಂದು ಪಕ್ಕ ಹುಬ್ಬು ತಿದ್ದುವ ಅಂಗಡಿ, ನಡುವೆ ಫಿಲ್ಟರ್ ಕಾಫಿ ಸಿಗುವ ಜಾಗ. ಅವಳು ಎಸ್ಸೇ ಪ್ರಿಂಟ್ ಹಾಕಿಸಿಕೊಂಡು, ಒಂದು ಪೌಚಿನ ತುಂಬ ಹೈಲೈಟರ್ ತಂದಿದ್ದಳು. ನಾನು ಒಂದೊಂದೇ ವಾಕ್ಯ ಓದಬೇಕು, ಯಾರದು ಅಂತ ಹೇಳಬೇಕು, ಅವಳು ಆಯಾ ಬಣ್ಣ ಬಳಿಯುತ್ತಾಳೆ. ಬಣ್ಣ ಬೀಳದೆ ಉಳಿದದ್ದು ಅವಳದ್ದು. ಅದು ಸಾಕಷ್ಟಿದ್ದರೆ ಟಿಕ್ ಮಾಡುತ್ತಾಳೆ.

ಶುರು ಮಾಡಿದೆ. (ಎಸ್ಸೇ ಇಂಗ್ಲಿಷಿನಲ್ಲಿತ್ತು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಅದರಿಂದ ಅದು ಇನ್ನೂ ಕೆಟ್ಟಿದ್ದರೆ ತಪ್ಪು ನನ್ನದು.)

ಮೊದಲ ವಾಕ್ಯದಲ್ಲೇ ಆಂಬುಲೆನ್ಸ್. ‘ಸೈರನ್ ಸದ್ದು ಕಿವಿಗೆ ಅಪ್ಪಳಿಸಿದಾಗ ನನಗೆ ನನ್ನ ಗುರಿ ಸ್ಪಷ್ಟವಾಯಿತು.’ ಇದಕ್ಕೆ ಧ್ವನಿ ಬದಲಿಸುವ ಅಗತ್ಯವೂ ಇರಲಿಲ್ಲ. ರಘು ಅಂಕಲ್. ಅವರ ಮಗನಿಗೆ ಮೆಡಿಕಲ್ ಸಿಕ್ಕಿದೆ, ಹಾಗಾಗಿ ಡಾಲಸ್ ಸುತ್ತಮುತ್ತ ಈ ವಿಷಯದಲ್ಲಿ ಅವರೇ ವಿಶ್ವವಿದ್ಯಾಲಯ. ಅವರ ಮಗನ ಎಸ್ಸೇ ಆಂಬುಲೆನ್ಸಿನಿಂದ ಶುರುವಾಗಿತ್ತು, ಆದ್ದರಿಂದ ಎಲ್ಲರ ಎಸ್ಸೇಯೂ ಆಂಬುಲೆನ್ಸ್ ಹತ್ತಬೇಕು. ಅದಿತಿಯ ಕ್ಲಿನಿಕ್ಕಿನಲ್ಲಿ ಆಂಬುಲೆನ್ಸ್ ನೋಡಿದ ನೆನಪು ಅವಳಿಗಿಲ್ಲ. ಅಲ್ಲಿ ಅವಸರದಲ್ಲಿ ನಡೆಯುವುದು ಊಟ ಒಂದೇ.

ಹಳದಿ ಬಿತ್ತು.

‘ವಿವಿಧ ಸ್ಟೇಕ್‌ಹೋಲ್ಡರ್‌ಗಳೊಂದಿಗೆ ಅಲೈನ್ ಆಗಿ ರಕ್ತದಾನ ಶಿಬಿರವನ್ನು ಸಕಾಲದಲ್ಲಿ ಡೆಲಿವರ್ ಮಾಡಿದೆ.’ ಇದೂ ರಘು ಅಂಕಲ್. ಪ್ರೋಗ್ರಾಂ ಮ್ಯಾನೇಜರ್. ರಕ್ತವನ್ನೂ ಶೆಡ್ಯೂಲಿಗೆ ಸರಿಯಾಗಿ ಡೆಲಿವರ್ ಮಾಡಬಲ್ಲ ಮನುಷ್ಯ. ಮತ್ತೆ ಹಳದಿ.

‘ಮೂರು ಕಾರಣಗಳಿಗಾಗಿ ನಾನು ವೈದ್ಯೆಯಾಗಲು ಬಯಸುತ್ತೇನೆ. ಮೂರನೆಯ ಕಾರಣವು ಮೊದಲ ಎರಡರಿಂದ ತಾನಾಗಿಯೇ ಸಿದ್ಧವಾಗುತ್ತದೆ.’ ನಾನು ಕತ್ತು ಒಂದು ಕಡೆ ವಾಲಿಸಿ, ಮೂಗಿನ ಮೇಲಿನ ಕನ್ನಡಕ ಮೇಲೆ ಮಾಡಿ, ಇಷ್ಟು ನಿಧಾನಕ್ಕೆ ಓದಿದೆ. ಅದಿತಿ ನಗುತ್ತಾ ನೀಲಿ ಎತ್ತಿಕೊಂಡಳು. ಆಸ್ಟಿನ್‌ನ ಶ್ರೀಕಂಠ ಅಂಕಲ್, ಚಿಪ್ ಡಿಸೈನ್ ಮಾಡುವವರು. ಅವಳು ಅಲ್ಲಿ ಓದುವಾಗ ಭಾನುವಾರದ ಊಟ ಅವರ ಮನೆಯಲ್ಲಿ. ಸಾರಿಗೆ ಉಪ್ಪು ಕಡಿಮೆಯಾದರೂ ಅವರು ಎರಡು ಪಾಯಿಂಟಿನಲ್ಲಿ ಹೇಳುತ್ತಾರೆ.

‘ರೋಗಿಗಳ ಸುರಕ್ಷತೆಯೇ ನನ್ನ ಮೊದಲ ಆದ್ಯತೆ. ನಾನು ಯಾವಾಗಲೂ ಕೈಗಂಬಿ ಹಿಡಿದು ಮೆಟ್ಟಿಲು ಇಳಿಯುತ್ತೇನೆ.’ ಇದು ಪ್ರಸನ್ನ ಅಂಕಲ್. ಆಯಿಲ್ ಕಂಪನಿಗಳಲ್ಲಿ ಯಾವ ಮೀಟಿಂಗ್ ಆದರೂ ಮೊದಲು ಸುರಕ್ಷತೆಯ ಬಗ್ಗೆ ನಾಲ್ಕು ಮಾತಾಡಬೇಕು. ಅವರಿಗೆ ಅದು ರೂಢಿಯಾಗಿ ಊಟಕ್ಕೆ ಕೂತಾಗಲೂ ಕುಕ್ಕರ್ ಬಗ್ಗೆ ಎರಡು ನಿಮಿಷ ಮಾತಾಡುತ್ತಾರೆ. ಹಸಿರು.

ಕೊನೆಯ ಪ್ಯಾರಾ ಓದುವಾಗ ನಾನು ಎದ್ದೇ ನಿಂತೆ. ಕೂತು ಓದುವಂಥದ್ದಲ್ಲ ಅದು. ‘ಈ ಸಂದರ್ಭದಲ್ಲಿ ನನ್ನನ್ನು ಸದಾ ಪ್ರೋತ್ಸಾಹಿಸಿದ ಪೂಜ್ಯ ತಂದೆತಾಯಿಯರಿಗೂ, ಮಾರ್ಗದರ್ಶನ ನೀಡಿದ ಹಿರಿಯರಿಗೂ, ತಮ್ಮ ಅಮೂಲ್ಯ ಸಮಯವನ್ನು ವ್ಯಯಿಸಿ ಇದನ್ನು ಓದುತ್ತಿರುವ ಸಮಿತಿಯ ಸದಸ್ಯರಿಗೂ...’ ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಒಬ್ಬರು ಕಪ್ಪು ಕೆಳಗಿಟ್ಟರು, ಚಪ್ಪಾಳೆಗೆ ಅಂತ ಕಾಣುತ್ತದೆ. ಗಾಯತ್ರಿ ಆಂಟಿಗೆ ಇಪ್ಪತ್ತು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ವಂದನಾರ್ಪಣೆಯ ಜವಾಬ್ದಾರಿ. ಮೈಕ್ ಸೆಟ್ಟಿನವರನ್ನೂ ಬಿಡುವುದಿಲ್ಲ. ಮಗಳ ಎಸ್ಸೇಯನ್ನೂ ಬಿಟ್ಟಿರಲಿಲ್ಲ. ಕಿತ್ತಳೆ.

ಹಾಳೆಯಲ್ಲಿ ಉಳಿದದ್ದು ಒಂದೇ ವಾಕ್ಯ.

‘ಆಸ್ಪತ್ರೆಯ ಕಾರಿಡಾರಿನಲ್ಲಿ ದೀಪಗಳು ಎಂದೂ ಆರುವುದಿಲ್ಲ, ನನ್ನೊಳಗಿನ ಪ್ರಶ್ನೆಗಳೂ ಹಾಗೆಯೇ.’

ನಾನು ಎರಡು ಸಲ ಓದಿದೆ. ರಘು ಅಂಕಲ್ ಧ್ವನಿಯಲ್ಲಿ ಕೂರಲಿಲ್ಲ. ಶ್ರೀಕಂಠ ಅಂಕಲ್‌ಗೆ ಇಷ್ಟು ಭಾವನೆ ಇಲ್ಲ. ಅಪ್ಪ ಆಗಿದ್ದರೆ ದೀಪದ ವೈರಿಂಗ್ ಬಗ್ಗೆ ಬರೆಯುತ್ತಿದ್ದರು. ಸಿಕ್ಕಿಬಿಟ್ಟಳು ಅನ್ನಿಸಿತು. ಇದೇ ನೀನು ಅಂದೆ. ಇಷ್ಟೆಲ್ಲ ಗಲಾಟೆಯ ನಡುವೆ ಒಂದು ನಿಜವಾದ ದನಿ, ಇದರಲ್ಲಿ ಜೀವ ಇದೆ, ಇದನ್ನು ಮುಟ್ಟಬೇಡ, ಇಲ್ಲಿಂದಲೇ ಶುರು ಮಾಡು ಅಂತ ಒಂದು ಚಿಕ್ಕ ಭಾಷಣವನ್ನೇ ಮಾಡಿದೆ.

ಅದಿತಿ ಪೌಚಿಗೆ ಕೈ ಹಾಕಿ ಪಿಂಕ್ ಹೈಲೈಟರ್ ತೆಗೆದಳು.

"ಅಣ್ಣ, ಅದು ನಿಮ್ಮದು."

ಯುಗಾದಿ ಊಟದ ದಿನ. ಕೈಯಲ್ಲಿ ಬಿಸಿಬೇಳೆಬಾತ್ ತಟ್ಟೆ. ಪ್ರಸನ್ನ ಅಂಕಲ್ ಫೋನ್ ಮುಂದೆ ಹಿಡಿದು, ನೀನು ಪೇಪರಿಗೆ ಬರೆಯುವವನಲ್ಲವಾ, ಒಂದು ಚೆಂದದ ಲೈನ್ ಕೊಡಪ್ಪ ಅಂದಿದ್ದರು. ಕೊಟ್ಟಿದ್ದೆ. ಎರಡನೇ ಸಲ ಬಡಿಸಿಕೊಳ್ಳುವ ಅವಸರದಲ್ಲಿ ಮರೆತೂ ಬಿಟ್ಟಿದ್ದೆ.

ಊರವರ ಧ್ವನಿಯನ್ನೆಲ್ಲ ಗುರುತಿಸಿದವನು ನನ್ನದನ್ನೇ ಗುರುತಿಸಲಿಲ್ಲ. ಗುರುತಿಸದಿದ್ದದ್ದಿರಲಿ, ಹೊಗಳಿಕೊಂಡೆ ಬೇರೆ. (ಮಿಮಿಕ್ರಿ ಕಲಾವಿದನಿಗೆ ಸ್ವಂತ ಧ್ವನಿಯೇ ಇರುವುದಿಲ್ಲ ಅಂತ ಇಲ್ಲಿ ನಾನೊಂದು ನಿಟ್ಟುಸಿರು ಬಿಡುತ್ತೇನೆ ಅಂತ ಕಾಯಬೇಡಿ. ನನಗೆ ಇದೆ. ಸ್ವಲ್ಪ ಓವರ್ ಆಕ್ಟಿಂಗ್ ಮಾಡುತ್ತದೆ, ಅಷ್ಟೇ.)

ಪಿಂಕ್ ಬಿದ್ದಮೇಲೆ ಹಾಳೆ ಹೋಳಿ ಮುಗಿಸಿ ಬಂದ ಹಾಗಿತ್ತು. ಬಿಳಿ ಉಳಿದದ್ದು ಅವಳ ಹೆಸರು ಮಾತ್ರ. ಅದನ್ನೂ ಅಜ್ಜಿ ಇಟ್ಟದ್ದಂತೆ.

ನಾನು ನಕ್ಕೆ. ಅವಳು ನಗಲಿಲ್ಲ.

"ಹೋದ ವರ್ಷದ್ದು ಪೂರ್ತಿ ಬಿಳಿ ಇತ್ತು ಅಣ್ಣ" ಅಂದಳು. "ಅದಕ್ಕೇ ಯಾರೂ ಕರೀಲಿಲ್ಲ."

ಆಗ ನನಗೆ ಅವಳ ಲೆಕ್ಕ ಗೊತ್ತಾಯಿತು. ತನ್ನ ಮಾತಿನಲ್ಲಿ ಬರೆದರೆ ಸೀಟು ಸಿಗುವುದಿಲ್ಲ. ಇನ್ನೊಬ್ಬರ ಮಾತಿನಲ್ಲಿ ಬರೆದರೆ ಟಿಕ್ ಮಾಡಲು ಕೈ ಬರುವುದಿಲ್ಲ. ಸೋಮವಾರಕ್ಕೆ ಉಳಿದಿರುವುದು ಒಂದೂವರೆ ದಿನ.

ಹೋದ ವರ್ಷದ ಎಸ್ಸೇ ತೋರಿಸು ಅಂದೆ. ಫೋನಿನಲ್ಲಿತ್ತು. ಓದಿದೆ. ಚೆನ್ನಾಗಿರಲಿಲ್ಲ. ಇಂಥ ಕ್ಲಬ್ಬಿಗೆ ಸೆಕ್ರೆಟರಿ, ಇಂಥ ಲ್ಯಾಬಿನಲ್ಲಿ ಒಂದು ಬೇಸಿಗೆ, ಇಷ್ಟು ಗಂಟೆ ಸ್ವಯಂಸೇವೆ. ಬಯೋಡೇಟಾ ಪೂರ್ಣವಿರಾಮ ಹಾಕಿಕೊಂಡು ವಾಕ್ಯದ ವೇಷದಲ್ಲಿ ಬಂದಿತ್ತು. ಅದನ್ನೇ ಹೇಳಿದೆ. ಅದರಲ್ಲೂ ನೀನಿರಲಿಲ್ಲ, ಯಾರೂ ಇರಲಿಲ್ಲ, ಕಾಲೇಜಿನವರು ಬೇಡ ಅಂದದ್ದು ಒಂದು ಫಾರ್ಮನ್ನು, ನಿನ್ನನ್ನಲ್ಲ ಅಂತ.

ಅವಳು ನಂಬಿದ ಹಾಗೆ ಕಾಣಲಿಲ್ಲ. ದೀಪ ಆರುವುದಿಲ್ಲ ಅಂತ ಬರೆದವನ ಮಾತನ್ನು ಯಾರು ನಂಬುತ್ತಾರೆ?

ಕೊನೆಗೆ ಬೇರೆ ಪ್ರಶ್ನೆ ಕೇಳಿದೆ. ಒಂಬತ್ತು ಸಲ ತಿದ್ದಿದರಲ್ಲ, ಸೇರಿಸಿದ್ದು ಸರಿ, ತೆಗೆದದ್ದು ಏನು?

ಅವಳು ಸ್ವಲ್ಪ ಹೊತ್ತು ಹೈಲೈಟರ್ ಮುಚ್ಚಳ ತೆಗೆದು ಹಾಕಿ ಮಾಡಿದಳು. ಒಂದು ಇತ್ತು, ಆದರೆ ತೀರ ಚಿಕ್ಕದು ಅಂದಳು. ಮೂರನೇ ಸಲದ ತಿದ್ದುಪಡಿಯಲ್ಲಿ ಹೋಯಿತಂತೆ. ಇದರ ರಿಸಲ್ಟ್ ಏನು ಅಂತ ರಘು ಅಂಕಲ್ ಕೇಳಿದ್ದರು. ರಿಸಲ್ಟ್ ಇರಲಿಲ್ಲ. ಯಾವ ಪಾಯಿಂಟಿಗೆ ಇದು ಸಪೋರ್ಟು ಅಂತ ಶ್ರೀಕಂಠ ಅಂಕಲ್ ಕೇಳಿದ್ದರು. ಯಾವುದಕ್ಕೂ ಅಲ್ಲ. ಕತ್ತರಿಸಿದರು.

ಆ ಚಿಕ್ಕ ಸಂಗತಿ ಇದು. (ಇಲ್ಲಿ ಬರೆಯಲು ಅವಳು ಮೂರು ಷರತ್ತು ಹಾಕಿ ಒಪ್ಪಿದ್ದಾಳೆ. ಅವಳ ಹೆಸರು ಬದಲಿಸಬೇಕು. ಕ್ಲಿನಿಕ್ ಯಾವುದು ಅಂತ ಹೇಳಬಾರದು. ಮೂರನೆಯದು, ಚೆಂದ ಮಾಡಬಾರದು.)

ಒಂದು ದಿನ ಕ್ಲಿನಿಕ್ಕಿಗೆ ಗಂಡ ಹೆಂಡತಿ ಬಂದರು. ಪೇಷಂಟ್ ಹೆಂಡತಿ. ಡಾಕ್ಟರು ಎಲ್ಲಿ ನೋವು ಅಂತ ಕೇಳಿದರು. ಗಂಡ ಹೊಟ್ಟೆ ಅಂದ. ಎಷ್ಟು ದಿನದಿಂದ? ಎರಡು ದಿನ ಅಂದ. ಜಾಸ್ತಿಯಾ ಕಡಿಮೆಯಾ? ಅಂಥದ್ದೇನಿಲ್ಲ ಅಂದ. ಅದಿತಿ ಮೂಲೆಯಲ್ಲಿ ಟೈಪ್ ಮಾಡುತ್ತಿದ್ದಳು. ಬರೆಯುವುದಕ್ಕೆ ಒಂದು ಸಿದ್ಧ ಮಾದರಿ ಇರುತ್ತದೆ. ‘ಪೇಷಂಟ್ ಹೇಳುವ ಪ್ರಕಾರ’ ಅಂತ ಶುರುವಾಗಬೇಕು. ಪೇಷಂಟ್ ಹೇಳುವ ಪ್ರಕಾರ ಹೊಟ್ಟೆನೋವು, ಎರಡು ದಿನ, ಸೌಮ್ಯ. ಟೈಪ್ ಮಾಡಿಯೂ ಆಯಿತು. ಆಮೇಲೆ ಅವಳಿಗೆ ಹೊಳೆಯಿತು. ಪೇಷಂಟ್ ಬಾಯಿ ಬಿಟ್ಟೇ ಇಲ್ಲ.

‘ಪೇಷಂಟ್’ ಅನ್ನುವುದನ್ನು ಅಳಿಸಿ ‘ಗಂಡ’ ಅಂತ ಮಾಡಿದಳು. ಗಂಡ ಹೇಳುವ ಪ್ರಕಾರ.

ಡಾಕ್ಟರು ಸ್ಕ್ರೀನ್ ಕಡೆ ನೋಡಿದರು. ಓದಿದರು. ಹೊರಗೆ ಒಂದು ಫಾರ್ಮ್ ತುಂಬಿ ಬನ್ನಿ ಅಂತ ಗಂಡನನ್ನು ಕಳಿಸಿದರು. ಬಾಗಿಲು ಹಾಕಿದರು.

ಆ ಹೆಂಗಸಿನ ಕಣ್ಣುಗಳು ಆಗ ಹೇಗಿದ್ದವು, ಅದರಿಂದ ಬರೆ ಅಂದೆ ನಾನು. ತಡೆಯಲಾಗಲಿಲ್ಲ.

"ಅವರ ಕಣ್ಣು ನಾನು ನೋಡಲೇ ಇಲ್ಲ ಅಣ್ಣ. ನಾನು ಸ್ಕ್ರೀನ್ ನೋಡ್ತಿದ್ದೆ."

ಸರಿ, ಆಕೆ ಏನು ಹೇಳಿದಳು?

ಗೊತ್ತಿಲ್ಲವಂತೆ. ಬಾಗಿಲು ಹಾಕುವ ಮೊದಲು ಡಾಕ್ಟರು ಅದಿತಿಯನ್ನೂ ಹೊರಗೆ ಕಳಿಸಿದ್ದರು. ಇಪ್ಪತ್ತು ನಿಮಿಷ ಅವಳು ಕಾರಿಡಾರಿನಲ್ಲಿ ನಿಂತಿದ್ದಳು. ಒಳಗೆ ಆಕೆ ಮಾತಾಡುತ್ತಿದ್ದದ್ದು ಕೇಳುತ್ತಿತ್ತು, ಏನು ಅಂತ ಕೇಳುತ್ತಿರಲಿಲ್ಲ. ಹೊರಗೆ ಬಂದು ಡಾಕ್ಟರು, ನೋಟ್ಸ್ ನಾನೇ ಬರೆದುಕೊಂಡೆ ಅಂದರಂತೆ. ಅಷ್ಟೇ. ಆವತ್ತಿನಿಂದ ತನಗೆ ಆ ಬಾಗಿಲಿನ ಒಳಗಡೆ ಇರಬೇಕು ಅನ್ನಿಸಿದೆ ಅಂದಳು. ಟೈಪ್ ಮಾಡುವುದಕ್ಕಲ್ಲ. ಕೇಳುವುದಕ್ಕೆ.

ಇದಕ್ಕಿಂತ ಆಂಬುಲೆನ್ಸ್ ಬೇಕಾ? ನೀವೇ ಹೇಳಿ.

ನಾನು ಲ್ಯಾಪ್‌ಟಾಪ್ ತೆರೆದೆ. ಇರು, ಮೊದಲ ಪ್ಯಾರಾ ನಾನು ಹಾಕಿಕೊಡ್ತೀನಿ ಅಂದೆ. ಅದಿತಿ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದಳು. ಮೆತ್ತಗೇ ಮುಚ್ಚಿದಳು. ಆದರೂ ನನ್ನ ಬೆರಳು ಸಿಕ್ಕಿಕೊಂಡಿತು.

ಮರುದಿನ ಭಾನುವಾರ ಅವರ ಮನೆಯಲ್ಲಿ ಊಟ. ಸಾಕ್ಷಿ ಬೇಕು ಅಂತ ಅದಿತಿಯೇ ನನ್ನನ್ನು ಕರೆದಿದ್ದಳು. ಬೆಳಗ್ಗೆಯಿಂದ ಕೂತು ಹೊಸದು ಬರೆದಿದ್ದಾಳೆ, ನಾಳೆ ಕೆಲಸಕ್ಕೆ ಹೋಗುವ ಮುಂಚೆ ಕಳಿಸುತ್ತಾಳೆ, ಯಾರಿಗೂ ತೋರಿಸುವುದಿಲ್ಲ. ಇಷ್ಟನ್ನು ಅವಳು ಚಪಾತಿ ಬಡಿಸುವ ಹೊತ್ತಿಗೆ ಹೇಳಿದಳು.

ಪ್ರಸನ್ನ ಅಂಕಲ್ ಊಟ ನಿಲ್ಲಿಸಿದರು. ಹೋದ ಸಲವೂ ಹೀಗೇ ಮಾಡಿದ್ದು ಅಂತ ಅವರಿಗೆ ನೆನಪಿತ್ತು, ಅವಳಿಗೂ ನೆನಪಿತ್ತು, ಅದಕ್ಕೇ ಅವರು ಅದನ್ನು ಹೇಳಲಿಲ್ಲ. ಒಂದು ಸಲ ಸ್ಪೆಲ್ಲಿಂಗ್ ಆದರೂ ನೋಡಲಾ ಅಂತ ಕೇಳಿದರು. ಬೇಡ ಅಂದಳು.

ಗಾಯತ್ರಿ ಆಂಟಿಗೆ ಸಿಟ್ಟಿಗಿಂತ ನೋವಾಗಿತ್ತು.

"ನಾವೇನ್ ಹೊರಗಿನವ್ರೇನವಾ?" ಅಂದರು. "ಮಂದಿ ಓದ್ತಾರ, ನಾವು ಓದಬಾರದೇನು?"

ಅದಿತಿ ಈ ಸಲ ಕನ್ನಡದಲ್ಲೇ ಹೇಳಿದಳು, ಹುಡುಕಿ ಹುಡುಕಿ. "ಅಮ್ಮ, ನೀವು ಓದಿದ್ರೆ ನಾನು ಸರಿ ಮಾಡ್ತೀನಿ. ನಿಮಗೆ ಖುಷಿ ಆಗೋ ಹಾಗೆ."

ಆಂಟಿ ನನ್ನ ಕಡೆ ತಿರುಗಿದರು. ನೀ ಹೇಳಪಾ ತಮ್ಮಾ, ನೀ ನೋಡೀಯಲ್ಲ, ಚಲೋ ಅದ ಏನು ಅಂತ ಕೇಳಿದರು. ನಾನೂ ನೋಡಿಲ್ಲ ಅಂದೆ. ನಿಜವಾಗಿಯೂ ನೋಡಿರಲಿಲ್ಲ. ಆ ಮನೆಯಲ್ಲಿ ಯಾರೂ ನಂಬಲಿಲ್ಲ. ಉಳಿದ ಊಟ ಉಪ್ಪಿನಕಾಯಿ ಯಾವ ಬ್ರ್ಯಾಂಡು ಅನ್ನುವುದರ ಮೇಲೆ ನಡೆಯಿತು.

ನಾನು ಮನೆಗೆ ಡ್ರೈವ್ ಮಾಡುತ್ತಾ ಯೋಚಿಸಿದೆ. ನಮ್ಮಲ್ಲಿ ಮಗುವನ್ನು ನಿನ್ನ ಹೆಸರೇನು ಪುಟ್ಟಿ ಅಂತ ಕೇಳಿದರೆ ಉತ್ತರ ಅಮ್ಮನಿಂದ ಬರುತ್ತದೆ. ಯಾವ ಕ್ಲಾಸು ಅಂದರೆ ಅಪ್ಪನಿಂದ. ಹೋಟೆಲಿನಲ್ಲಿ ಮಗುವಿಗೆ ಏನು ಬೇಕು ಅನ್ನುವುದನ್ನು ಮಗು ಬಿಟ್ಟು ಮಿಕ್ಕವರೆಲ್ಲ ಹೇಳುತ್ತಾರೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಎಲ್ಲ ಪ್ರೀತಿಯೇ. ರಘು ಅಂಕಲ್ ಎರಡು ವೀಕೆಂಡ್ ಕೂತು ತಿದ್ದಿದ್ದಾರೆ, ಅವರಿಗೆ ಏನು ಲಾಭ? ಆದರೆ ಇಪ್ಪತ್ತು ವರ್ಷ ಹೀಗೆ ಪ್ರೀತಿಯಿಂದ ಉತ್ತರ ಹೇಳಿಕೊಟ್ಟ ಮೇಲೆ ಒಂದು ದಿನ ಯಾರೋ ಅಪರಿಚಿತರು ಬಂದು ನೀನು ಯಾರು ಅಂತ ಕೇಳಿದರೆ, ಆ ಮಗು ಸುತ್ತ ತಿರುಗಿ ನೋಡದೆ ಇನ್ನೇನು ಮಾಡೀತು? ಹೋದ ವರ್ಷ ಅದಿತಿ ಫಾರ್ಮ್ ತುಂಬಿದ್ದು ಸುಮ್ಮನೆ ಅಲ್ಲ.

ಸೋಮವಾರ ಬೆಳಗ್ಗೆ ಏಳೂಕಾಲಿಗೆ ನನಗೊಂದು ಮೆಸೇಜ್ ಬಂತು. ‘ಟಿಕ್.’ ಅಷ್ಟೇ.

ಆಮೇಲಿನ ದಿನಗಳು ಪ್ರಸನ್ನ ಅಂಕಲ್‌ಗೆ ಕಷ್ಟದವು. ಸಿಕ್ಕವರೆಲ್ಲ ಎಸ್ಸೇ ಹೇಗಾಯಿತು ಅಂತ ಕೇಳುವವರೇ. ಗೊತ್ತಿಲ್ಲ ಅಂತ ಹೇಳಬೇಕು. ಮಗಳ ಬಗ್ಗೆ ಗೊತ್ತಿಲ್ಲ ಅನ್ನುವ ಶಬ್ದವನ್ನು ಅವರು ಬಳಸಿ ಅಭ್ಯಾಸವಿಲ್ಲ. ನಾಲಿಗೆ ಹೊರಳುತ್ತಿರಲಿಲ್ಲ. ರಘು ಅಂಕಲ್ ಬೇಜಾರು ಮಾಡಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಕೈ ಮುಗಿಯುವ ಚಿತ್ರ ಒಂದನ್ನೇ ಹಾಕಿದರು. (ಅವರದನ್ನೂ ಮಿಮಿಕ್ರಿ ಮಾಡಬಹುದಿತ್ತು, ಆದರೆ ಮೌನವನ್ನು ಮಿಮಿಕ್ರಿ ಮಾಡಿದರೆ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ.) ಜುಲೈ ಹೋಯಿತು. ಆಗಸ್ಟ್ ಹೋಯಿತು. ಹೆಲ್ತ್ ಡೇಟಾ ಕೋರ್ಸಿನ ಬ್ರೋಷರ್ ಊಟದ ಟೇಬಲ್ಲಿನ ಮೇಲೆ ತಾನಾಗಿಯೇ ಬಂದು ಕೂತಿತು ಅಂತ ಅದಿತಿ ಹೇಳಿದಳು.

ಕಳೆದ ತಿಂಗಳು ಕರೆ ಬಂತು. ಡಾಲಸ್‌ನ ಒಂದು ಕಾಲೇಜಿನಿಂದ, ಇಂಟರ್‌ವ್ಯೂಗೆ. ಖುದ್ದಾಗಿ ಬರಬೇಕು.

ಸೀಟು ಸಿಕ್ಕಿತು ಅಂತ ಅಲ್ಲ. ಬರೀ ಕರೆ. ಆದರೂ ಹೋದ ವರ್ಷ ಇಷ್ಟೂ ಇರಲಿಲ್ಲ. ಆಂಟಿ ದೇವಸ್ಥಾನಕ್ಕೆ ಹೋಗಿ ಬಂದರು. ರಘು ಅಂಕಲ್ ಮುನಿಸು ಮರೆತು ಅದೇ ದಿನ ಫೋನ್ ಮಾಡಿ, ಭಾನುವಾರ ಝೂಮ್‌ನಲ್ಲಿ ಅಣಕು ಇಂಟರ್‌ವ್ಯೂ ಇಡೋಣ, ಐದು ಜನರ ಪ್ಯಾನೆಲ್, ಪ್ರಶ್ನೆಗಳೂ ರೆಡಿ, ಮಾದರಿ ಉತ್ತರಗಳೂ ರೆಡಿ ಅಂದರು. ಅಮೆರಿಕನ್ ಪ್ರೊಫೆಸರ್ ಪಾತ್ರಕ್ಕೆ ನನ್ನ ಹೆಸರು ಸೂಚಿಸಿದರು. ಸುಳ್ಳು ಯಾಕೆ ಹೇಳಲಿ, ನಾನು ಆಕ್ಸೆಂಟ್ ಪ್ರಾಕ್ಟೀಸ್ ಶುರು ಮಾಡಿದ್ದೆ.

ಅದಿತಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಬೇಡ ಅಂದಳು. ಒಂದಕ್ಕೆ ಮಾತ್ರ ಒಪ್ಪಿದಳು. ಡಾಲಸ್‌ಗೆ ಅಪ್ಪ ಡ್ರೈವ್ ಮಾಡಬಹುದು.

ನಾಲ್ಕು ಗಂಟೆಯ ದಾರಿ. ಅಪ್ಪ, ಅಮ್ಮ, ಮಗಳು. ಕಾಲೇಜ್ ಹತ್ತಿರವಾದಾಗ, ನಾವು ಕಾರಿನಲ್ಲೇ ಕೂತಿರೋಣವಾ ಅಥವಾ ಒಳಗೆ ಬರಬಹುದಾ ಅಂತ ಅಂಕಲ್ ಬಹಳ ಹಗುರವಾಗಿ ಕೇಳಿದರಂತೆ, ಹವಾಮಾನದ ಬಗ್ಗೆ ಕೇಳುವವರ ಹಾಗೆ.

"ಬನ್ನಿ" ಅಂದಳಂತೆ. "ಆದ್ರೆ ಯಾರಾದ್ರೂ ಏನಾದ್ರೂ ಕೇಳಿದ್ರೆ ನೀವು ಆನ್ಸರ್ ಮಾಡಬಾರದು."

ಅಂಕಲ್ ಒಪ್ಪಿದರು, ಅಮ್ಮ ಮಗಳಿಬ್ಬರನ್ನೂ ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಿ ಬಂದರು. ಮೂವರೂ ಒಳಗೆ ಹೋದರು. ರಿಸೆಪ್ಷನ್‌ನಲ್ಲಿ ಕೂತಿದ್ದಾಕೆ ಮೂವರ ಕಡೆಗೂ ಮುಗುಳ್ನಕ್ಕು, ಕಾರು ಎಲ್ಲಿ ಪಾರ್ಕ್ ಮಾಡಿದ್ದೀರಿ ಅಂತ ಕೇಳಿದಳು.

ಅಂಕಲ್ ಬಾಯಿ ತೆರೆದರು, ಮಗಳ ಮುಖ ನೋಡಿದರು, ಮುಚ್ಚಿದರು.

ಪಾಪ, ಆವತ್ತು ಅಲ್ಲಿ ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ ಉತ್ತರ ಅವರೊಬ್ಬರಿಗೇ ಗೊತ್ತಿದ್ದದ್ದು ಅದೊಂದಕ್ಕೇ.